ದುರಗಮ್ಮ ಮಗಳಿಗೆ ಕೊಟ್ಟ ಮಾತು

ಎಳ್ಳಮಾಸಿ ಹಬ್ಬಕ್ಕೆ ಇನ್ನೂ ಹದಿನೈದು ದಿನ ಇರುವಾಗ ತಾವರಗೇರಾದ ಹೆಂಗಸರು ಕುಂಬಾರ ಓಣಿಯ ದುರಗಮ್ಮನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ತೋರಿಸತೊಡಗಿದರು. ಬಾವಿಕಟ್ಟೆಯಲ್ಲಿ ಒಬ್ಬಳು ಆಕೆಯ ಕೈಯಿಂದ ಹಗ್ಗ ಕಸಿದುಕೊಂಡು ತಾನೇ ನೀರು ಸೇದಿಕೊಟ್ಟಳು. ಇನ್ನೊಬ್ಬಳು ತುಂಬಿದ ಕೊಡವನ್ನು ಮನೆಯ ತನಕ ಹೊತ್ತು ತಂದಿಟ್ಟಳು. ಮೂರನೆಯವಳು ಉಡಿಯಲ್ಲಿ ಹಸಿ ಹುಣಸೆಕಾಯಿ ಕಟ್ಟಿಕೊಂಡು ಬಂದು, ಉಪ್ಪು ಹಚ್ಚಿಕೊಂಡು ತಿನ್ನು ಎಂದು ಹೇಳಿ, ಕಣ್ಣು ಮಿಟುಕಿಸಿ ಹೋದಳು. ದುರಗಮ್ಮನಿಗೆ ಏನೂ ಅರ್ಥವಾಗಲಿಲ್ಲ. ಇಷ್ಟು ವರ್ಷ ಯಾರ ತಂಟೆಗೂ ಹೋಗದೆ ಬದುಕಿದ್ದಕ್ಕೆ ಊರು ಈಗ ಕಣ್ಣು ತೆರೆದಿದೆ ಎಂದುಕೊಂಡು ಒಳಗೊಳಗೇ ಹಿಗ್ಗಿದಳು.

ಅದು ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ. ದುರಗಮ್ಮನಿಗೆ ಆಗ ಇಪ್ಪತ್ತೆಂಟೋ ಮೂವತ್ತೋ. ತವರು ಗಂಗಾವತಿಯ ಕಡೆ, ಕಾಲುವೆ ನೀರಿನ ಗದ್ದೆಗಳ ಊರು. ಮದುವೆಯಾಗಿ ಈ ಎರೆಹೊಲಗಳ ಸೀಮೆಗೆ ಬಂದಾಗ ಜೋಳದ ರೊಟ್ಟಿ ತಟ್ಟಲು ಬಾರದೆ ಅತ್ತೆಯ ಕೈಲಿ ಒಂದು ವರ್ಷ ಬೈಸಿಕೊಂಡಳು. ಆಮೇಲೆ ರೊಟ್ಟಿ ಕಲಿತಳು. ಕೆರೆಯ ಮಣ್ಣು ತಂದು, ಕುಟ್ಟಿ, ಸೋಸಿ, ತುಳಿದು ಹದ ಮಾಡುವುದನ್ನೂ ಕಲಿತಳು. ತಿಗರಿಯ ಮುಂದೆ ಕೂತು ಗಡಿಗೆ ತಿರುಗಿಸುವವನು ಗಂಡ ಓಬಳೆಪ್ಪ, ಆದರೆ ಮಣ್ಣಿನ ಹದವೂ ಸಂತೆಯ ವ್ಯಾಪಾರವೂ ಈಕೆಯದೇ. ಮಾತು ಬಿರುಸು, ನಗುವೂ ಅಷ್ಟೇ ಜೋರು. ಸಿಟ್ಟು ಬಂದರೆ ಕೈ ಬೇಗ ಏಳುತ್ತಿತ್ತು, ಬೇಗ ಇಳಿಯುತ್ತಲೂ ಇತ್ತು. ಮದುವೆಯಾಗಿ ಎಂಟು ವರ್ಷ ಕಾದ ಮೇಲೆ ಹುಟ್ಟಿದ ಒಬ್ಬಳೇ ಮಗಳು ಉಡಚಮ್ಮ. ಓಣಿಯ ಬಾಯಲ್ಲಿ ಉಡಚಿ. ವಯಸ್ಸು ಆರು.

ಎಳ್ಳಮಾಸಿಯ ಹಿಂದಿನ ದಿನ ದುರಗಮ್ಮನ ಮನೆಯ ಮುಂದೆ ಒಂದು ಸವಾರಿ ಬಂಡಿ ನಿಂತಿತು. ಇಳಿದವನು ಆಕೆಯ ಅಣ್ಣ ಆದೆಪ್ಪ. ಅವನ ಹಿಂದೆ ಹೊಸ ಅಕ್ಕಿಯ ಚೀಲ, ಎರಡು ಬುಟ್ಟಿ ಕರಚಿಕಾಯಿ, ಶೇಂಗಾ ಹೋಳಿಗೆ, ಒಂದು ಗಡಿಗೆ ಕೆನೆಮೊಸರು ಇಳಿದವು. ಕೊನೆಗೆ ಆದೆಪ್ಪ ತನ್ನ ಕಂಕುಳಿನಿಂದ ಒಂದು ಗಂಟು ತೆಗೆದು ತಂಗಿಯ ಕೈಗಿಟ್ಟ. ಬಿಚ್ಚಿದರೆ ಹಸಿರು ಸೀರೆ, ಹಸಿರು ಖಣ, ಹಸಿರು ಬಳೆ.

"ಇದೇನಣ್ಣಾ?" ಎಂದಳು ದುರಗಮ್ಮ.

"ಬಸುರಿಗೆ ಬಯಕಿ ಬುತ್ತಿ. ಕುಬಸದ ದಿನ ನೀವ ಗೊತ್ತು ಮಾಡ್ರಿ, ಅವತ್ತ ನಿಮ್ಮ ವೈನಿನ್ನೂ ಕರಕೊಂಡು ಬರ್ತೀನಿ. ಅಲ್ಲವಾ, ಮನಿಗೆ ಒಂದು ಸುದ್ದಿ ಕಳಿಸಬಾರದೇನು? ಅಕ್ಕಿ ವ್ಯಾಪಾರಕ್ಕ ಬಂದಿದ್ದ ನಿಮ್ಮೂರ ಮಂದಿ ಬಾಯಿಂದ ನಾ ಕೇಳಬೇಕಾತು."

ದುರಗಮ್ಮನ ಮುಖ ಖಣದ ಹಾಗೆಯೇ ಹಸಿರಾಯಿತು. ಹುಣಸೆಕಾಯಿಯೂ ಬಾವಿಯ ಹಗ್ಗವೂ ಒಟ್ಟಿಗೆ ತಲೆಗೆ ಹೊಳೆದವು. ಬಂಡಿ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಅದೇ ಮೂವರು ಹೆಂಗಸರ ಕಡೆ ತಿರುಗಿ ಕೇಳಿದಳು: "ನಿಮಗ ಯಾರು ಹೇಳಿದ್ರು?"

"ನಿನ್ ಮಗಳಽ ಹೇಳ್ಯಾಳಲ್ಲ, ನಮ್ಮವ್ವಗ ಕೂಸು ಆಗತೈತಿ ಅಂತ. ತೊಟ್ಟಿಲದ ಬಣ್ಣಾನೂ ಹೇಳ್ಯಾಳ."

ಆದೆಪ್ಪ ತಂಗಿಯನ್ನು ನೋಡಿದ, ತಂಗಿ ಅಣ್ಣನನ್ನು ನೋಡಿದಳು. ಓಬಳೆಪ್ಪ ತಿಗರಿಯ ಹಿಂದೆ ತಲೆ ತಗ್ಗಿಸಿ ಮಣ್ಣು ತಟ್ಟುತ್ತ ಕುಳಿತ. ಕೊನೆಗೆ ಆದೆಪ್ಪನೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ವಾಪಸ್ ಒಯ್ದ್ರ ನಮ್ಮೂರಾಗ ಎತ್ತೂ ನಗ್ತಾವ. ಓಣಿ ಮಂದಿನ್ನ ಕರೀರಿ, ತಿಂದು ಬಿಡೂಣು" ಎಂದ. ಅಂದು ಕುಂಬಾರ ಓಣಿಯವರೆಲ್ಲ ಇಲ್ಲದ ಕೂಸಿನ ಹೆಸರಲ್ಲಿ ಹೋಳಿಗೆ ಉಂಡರು. ಎಲ್ಲರಿಗಿಂತ ಹೆಚ್ಚು ತಿಂದವಳು ಉಡಚಿ.

ಮಗಳ ಸುಳ್ಳು ದುರಗಮ್ಮನಿಗೆ ಹೊಸದಾಗಿರಲಿಲ್ಲ. ನಾಲ್ಕು ವರ್ಷದವಳಿದ್ದಾಗ ಗಡಿಗೆ ಸುಡುವ ಆವಿಗೆಯ ಮೇಲೆ ನವಿಲು ಕುಣಿಯಿತು ಎಂದಿದ್ದಳು. ಎಲ್ಲರೂ ನಕ್ಕು ಮುದ್ದಾಡಿದ್ದರು. ಐದು ತುಂಬಿದ ಮೇಲೆ ಪಕ್ಕದ ಮನೆಯ ಪಿಂಜಾರ ಇಮಾಮಬೀಯ ಹತ್ತಿರ ಹೋಗಿ, ನಮ್ಮ ಮನೆಯಲ್ಲಿ ಎರಡು ದಿನದಿಂದ ಒಲೆ ಹಚ್ಚಿಲ್ಲ ಎಂದಿದ್ದಳು. ಆ ಮುದುಕಿ ಸೆರಗಿನ ಮರೆಯಲ್ಲಿ ರೊಟ್ಟಿ, ಪಲ್ಯ ತಂದು ಸದ್ದಿಲ್ಲದೆ ಅಡುಗೆಮನೆಯಲ್ಲಿ ಇಟ್ಟುಹೋದಾಗ ದುರಗಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತ್ತು. ಆದರೆ ಈ ಸಲ ಮಾತು ತವರಿನ ತನಕ ಹೋಗಿತ್ತು.

ಮರುದಿನ ಅಣ್ಣನ ಬಂಡಿ ಊರ ಅಗಸೆಬಾಗಿಲು ದಾಟಿದ ಕೂಡಲೇ ದುರಗಮ್ಮ ಕಬ್ಬಿಣದ ಸವುಟನ್ನು ಒಲೆಗೆ ತುರುಕಿದಳು. "ಬಾ ಇಲ್ಲಿ. ಇವತ್ತ ನಿನ್ ನಾಲಿಗಿಗೆ ಬರಿ ಹಾಕತೀನಿ." ಹಾಕುವ ಮನಸ್ಸೇನೂ ಆಕೆಗೆ ಇರಲಿಲ್ಲ. ಹೆದರಿಸಿದರೆ ಸಾಕು ಎಂದಿತ್ತು. ಆದರೆ ಆರು ವರ್ಷದ ಹುಡುಗಿಗೆ ಅದು ಹೇಗೆ ಗೊತ್ತಾಗಬೇಕು? ಸವುಟು ಕೆಂಪಗಾಗುವ ಹೊತ್ತಿಗೆ ದುರಗಮ್ಮ ತಿರುಗಿ ನೋಡಿದರೆ ಉಡಚಿ ಇರಲಿಲ್ಲ.

ಹಿತ್ತಲಲ್ಲಿ ಇಲ್ಲ, ಬೇವಿನ ಗಿಡದ ಕೆಳಗೆ ಇಲ್ಲ. ದುರಗಮ್ಮ ಬಾವಿಗೆ ಓಡಿಹೋಗಿ ಬಗ್ಗಿ ನೋಡಿ, ನೀರು ಅಲುಗದೆ ಇದ್ದದ್ದು ಕಂಡು ಮತ್ತೆ ಓಡಿದಳು. ಓಬಳೆಪ್ಪ ಒಣಗಲು ಇಟ್ಟ ದೊಡ್ಡ ಹರವಿಗಳಲ್ಲೆಲ್ಲ ಒಂದೊಂದಾಗಿ ತಲೆ ಹಾಕಿ "ಉಡಚೀ, ಉಡಚೀ" ಎಂದು ಕರೆಯುತ್ತಿದ್ದ. ಪ್ರತಿ ಹರವಿಯಿಂದಲೂ ಅವನ ದನಿಯೇ ಅವನಿಗೆ ವಾಪಸು ಬರುತ್ತಿತ್ತು. ಹೊತ್ತು ನೆತ್ತಿಗೆ ಬರುವಾಗ ದುರಗಮ್ಮ ಇಮಾಮಬೀಯ ಮನೆಯ ಬಾಗಿಲಿಗೆ ಬಂದಳು. ಒಳಗೆ ಮಾತು ಕೇಳಿಸಿತು. ಮಗಳ ದನಿ. ಕಾಲು ತನ್ನಷ್ಟಕ್ಕೆ ಹೊಸ್ತಿಲ ಆಚೆಯೇ ನಿಂತಿತು.

ಹಿಂಜಿದ ಅರಳೆಯ ರಾಶಿಯಲ್ಲಿ ಉಡಚಿ ಕುತ್ತಿಗೆಯ ತನಕ ಹೂತುಕೊಂಡು ಕುಳಿತಿದ್ದಳು. ಇಮಾಮಬೀ ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳುತ್ತಿದ್ದಳು: "ಕೂಸು ಆಗತೈತಿ ಅಂತ ಯಾಕ ಹೇಳಿದಿ, ಬೇಟಾ?"

"ಬಾವಿ ಹತ್ರ ಯಾರೂ ನನ್ ಕೂಡ ಮಾತಾಡೂದಿಲ್ಲ, ಆಯಿ. ಸರಿ ಅತ್ತಾಗ, ಸರಿ ಅತ್ತಾಗ ಅಂತಾರ. ಕೂಸು ಅಂದ ಕೂಡಲೇ ಎಲ್ಲಾರೂ ಬಂದು ಸುತ್ತ ಕುಂತ್ರು."

"ಆದ್ರ ಅದು ಖರೇ ಅಲ್ಲಲ್ಲ."

"ಖರೇ ಹೇಳಿದ್ರ ಹೊಡಿತಾರ" ಎಂದಳು ಉಡಚಿ, ಎಲ್ಲರಿಗೂ ಗೊತ್ತಿರುವ ವಿಷಯ ಹೇಳುವಂತೆ. "ಹಾಲಿನ ಗಡಗಿ ನಾನಽ ಒಡದೆ ಅಂತ ಹೇಳಿದೆ. ಅವ್ವ ಬೆನ್ನಿಗೆ ಎರಡು ಹಾಕಿದ್ಲು. ಆಮ್ಯಾಲ ತಳವಾರ ಮಾಮಾ ಅಪ್ಪನ್ನ ಕೇಳಕೋತ ಬಂದ. ಅಪ್ಪ ಅಟ್ಟದ ಮ್ಯಾಲ ಕುಂತಿದ್ದ. ಅಪ್ಪ ಹುಲಿಗಿ ಗುಡಿಗೆ ಹೋಗ್ಯಾನ ಅಂದೆ. ಅವತ್ತ ಅಪ್ಪ ಎತ್ತಿ ಕುಣಿಸಿದ. ಅವ್ವ ಬೆಲ್ಲ ಕೊಟ್ಲು, ನನ್ ಮಗಳು ಭಾಳ ಶ್ಯಾಣ್ಯಾ ಅಂದ್ಲು."

ಹೊರಗೆ ನಿಂತಿದ್ದ ದುರಗಮ್ಮನಿಗೆ ಯಾರೋ ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ಹುಡುಗಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಾಲಿನ ಗಡಿಗೆ ಒಡೆದದ್ದಕ್ಕೆ ಪೆಟ್ಟು ಕೊಟ್ಟವಳೂ ತಾನೇ, ತಳವಾರನನ್ನು ವಾಪಸು ಕಳಿಸಿದ್ದಕ್ಕೆ ಬೆಲ್ಲ ಕೊಟ್ಟವಳೂ ತಾನೇ. ಆಗಿನ ಕಾಲದಲ್ಲಿ ಸರ್ಕಾರಿ ಸಾಹೇಬರು ದೌರಾ ಎಂದು ತಪಾಸಣೆಗೆ ಊರಿಗೆ ಬಂದರೆ ಕುಂಬಾರ ಬಿಟ್ಟಿಯಾಗಿ ಗಡಿಗೆ ಕೊಡಬೇಕು, ನೀರು ತುಂಬಬೇಕು. ಓಬಳೆಪ್ಪ ಅದನ್ನು ತಪ್ಪಿಸಿಕೊಳ್ಳಲು ಅಟ್ಟ ಹತ್ತಿದ್ದ. ದೊಡ್ಡವರು ಅಟ್ಟ ಹತ್ತಿ, ಬಾಗಿಲಿಗೆ ಚಿಕ್ಕವಳನ್ನು ನಿಲ್ಲಿಸಿದ್ದರು.

ದುರಗಮ್ಮ ಒಳಗೆ ಹೋದಳು. ಉಡಚಿ ಅರಳೆಯೊಳಗೆ ಮತ್ತಷ್ಟು ಮುಳುಗಿ ಬರೀ ಕಣ್ಣು ಹೊರಗೆ ಬಿಟ್ಟಳು. ದುರಗಮ್ಮ ಅಲ್ಲೇ ನೆಲಕ್ಕೆ ಕುಳಿತಳು.

"ಚಿಗವ್ವ, ನೀನೂ ಐದು ಮಕ್ಕಳ್ನ ಬೆಳಸೀದಿ. ಏನ್ ಮಾಡ್ಲಿ?" ಎಂದು ಇಮಾಮಬೀಯನ್ನು ಕೇಳಿದಳು.

"ನಂಗೇನ್ ಗೊತ್ತವಾ. ಮೊದಲಿನ ಮೂರು ಮಂದಿನ್ನ ಹೊಡದು ಸಾಕಾಗಿ ಕಡೀ ಇಬ್ಬರನ್ನ ಹಂಗಽ ಬಿಟ್ಟೆ. ಕಡೀ ಇಬ್ಬರಽ ಛಲೋ ಆದ್ರು" ಎಂದು ಮುದುಕಿ ನಕ್ಕಳು.

ದುರಗಮ್ಮ ಮಗಳ ಕಡೆ ತಿರುಗಿದಳು. "ಉಡಚಿ, ಕೇಳಿಲ್ಲಿ. ಇನ್ ಮ್ಯಾಲ ನೀ ಖರೇ ಹೇಳಿದ್ರ ನಾ ಹೊಡಿಯೂದಿಲ್ಲ. ಎಂಥಾ ತಪ್ಪಿರಲಿ, ಏನಽ ಒಡದಿರಲಿ. ಹುಲಿಗೆಮ್ಮನ ಆಣಿ."

"ಅಪ್ಪ?"

"ಅಪ್ಪಗೂ ನಾನಽ ಹೇಳ್ತೀನಿ."

ಅಪ್ಪನಿಗೆ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಓಬಳೆಪ್ಪ ಮೊದಲು ನಕ್ಕ. ಆಮೇಲೆ ದೌರೆಯ ಮಾತು ಬಂದಾಗ ನಗು ನಿಂತಿತು. "ಖರೇ ಹೇಳಕೋತ ಕುಂತ್ರ ವರ್ಷಕ್ಕ ಎಷ್ಟು ಗಡಗಿ ಬಿಟ್ಟಿ ಹೋಗ್ತಾವ, ಗೊತ್ತೈತೇನು ನಿನಗ?"

"ಗೊತ್ತೈತ್ರಿ. ಬರೂದಿಲ್ಲ ಅಂತಿದ್ರ ನೀವಽ ಬಾಗಿಲಿಗೆ ಬಂದು ಬರೂದಿಲ್ಲ ಅನ್ರಿ. ಕೂಸಿನ ಬಾಯಾಗ ನಿಮ್ಮ ಸುಳ್ಳು ಇಡಬ್ಯಾಡ್ರಿ."

ಓಬಳೆಪ್ಪ ಎದ್ದು ತಿಗರಿಗೆ ಹೋಗಿ ಕುಳಿತ. ಅದನ್ನೇ ಒಪ್ಪಿಗೆ ಎಂದು ದುರಗಮ್ಮ ಇಟ್ಟುಕೊಂಡಳು.

ಮೊದಲ ಪೆಟ್ಟು ಬಿದ್ದದ್ದು ಆಕೆಗೇ. ಓಣಿಯಲ್ಲಿ ಎರವಲು ಕೇಳುತ್ತ ತಿರುಗುವವಳೊಬ್ಬಳು ಹಿಟ್ಟು ಸೋಸುವ ಸಾಣಿಗೆ ಕೇಳಲು ಬಂದಾಗ ದುರಗಮ್ಮನ ಬಾಯಿ ರೂಢಿಯಂತೆ "ಅದನ್ನ ಆಗಲೇ ಯಾರೋ ಒಯ್ದಾರ" ಎನ್ನಲು ಹೊರಟಿತು. ಉಡಚಿ ಕತ್ತೆತ್ತಿ ನೋಡುತ್ತಿದ್ದಳು. ದುರಗಮ್ಮ ಮಾತು ಬದಲಿಸಿ, "ಐತವಾ. ಆದ್ರ ಹೋದ ಸಲ ಒಯ್ದು ತಿಂಗಳು ಇಟ್ಕೊಂಡಿದ್ದಿ. ಇವತ್ತ ಸಂಜಿಗೆ ಕೊಡು" ಎಂದಳು. ಬಂದವಳು ಮುಖ ದಪ್ಪ ಮಾಡಿಕೊಂಡರೂ ಸಾಣಿಗೆಯನ್ನು ಸಂಜೆಗೇ ತಂದುಕೊಟ್ಟಳು.

ನವಿಲು ಕುಣಿದಂಥ ಮಾತುಗಳಿಗೂ ಒಂದು ದಾರಿಯಾಯಿತು. ಉಡಚಿ ಒಂದು ದಿನ ಓಡಿಬಂದು, ಕೆರೆಯ ದಂಡೆಯಲ್ಲಿ ಕೊಕ್ಕರೆಗಳು ಪಂಚಾಯಿತಿ ಮಾಡುತ್ತಿವೆ ಎಂದಳು. ದುರಗಮ್ಮ ಮಣ್ಣು ತುಳಿಯುವುದನ್ನು ನಿಲ್ಲಿಸದೆ, "ಖರೇನೋ, ಕಥಿನೋ?" ಎಂದು ಕೇಳಿದಳು. ಹುಡುಗಿ ತುಸು ಯೋಚಿಸಿ, "ಕಥಿ" ಎಂದಳು.

"ಹಂಗಾರ ಪೂರಾ ಹೇಳು, ಕೇಳ್ತೀನಿ. ಪಂಚರು ಯಾರು? ತಪ್ಪು ಮಾಡಿದಾವ ಯಾರು?"

ಮಣ್ಣು ಹದಕ್ಕೆ ಬರುವ ತನಕ ಕೊಕ್ಕರೆಗಳ ಪಂಚಾಯಿತಿ ನಡೆಯಿತು. ಅಂದಿನಿಂದ ಮಣ್ಣು ತುಳಿಯುವ ಹೊತ್ತು ಕಥೆಯ ಹೊತ್ತಾಯಿತು. ದುರಗಮ್ಮನಿಗೂ ಕಾಲು ನೋವು ಗೊತ್ತಾಗುತ್ತಿರಲಿಲ್ಲ. ಬಾವಿಕಟ್ಟೆಯ ಹೆಂಗಸರು ಸಹ ಉಡಚಿಯನ್ನು ಕಂಡರೆ "ಏನವಾ, ಇವತ್ತ ಖರೇನೋ ಕಥಿನೋ?" ಎಂದು ತಾವಾಗಿಯೇ ಮಾತಾಡಿಸತೊಡಗಿದರು.

ಸಂಕ್ರಾಂತಿ ಕಳೆದ ವಾರ ದೌರೆಯ ಗಡಿಗೆಗಾಗಿ ತಳವಾರ ಗ್ಯಾನಪ್ಪ ಮತ್ತೆ ಬಂದ. ಅವನ ಕೋಲಿನ ಸದ್ದು ಓಣಿಯ ತುದಿಯಲ್ಲಿ ಕೇಳಿದ ಕೂಡಲೇ ಓಬಳೆಪ್ಪನ ಕಾಲುಗಳು ಹಳೆಯ ಚಾಳಿಯಂತೆ ಅಟ್ಟದ ಏಣಿ ಹತ್ತಿದವು. ದುರಗಮ್ಮ ಕೆರೆಗೆ ಹೋಗಿದ್ದಳು. ಬಾಗಿಲಲ್ಲಿದ್ದವಳು ಉಡಚಿ.

"ನಿಮ್ಮಪ್ಪ ಎಲ್ಲಿ ಹೋಗ್ಯಾನವಾ?"

"ಅಟ್ಟದ ಮ್ಯಾಲ ಅದಾನ್ರಿ ಮಾಮಾ. ಇಳಿಯಾಕ ಬ್ಯಾಸರ ಆಗೈತಿ ಅವಗ. ನಿಲ್ಲರಿ, ಕರೀತೀನಿ."

ಓಬಳೆಪ್ಪ ಇಳಿದು ಬಂದ. ತಲೆಯ ಮೇಲೆ ಜೇಡರ ಬಲೆ, ಮುಖದ ಮೇಲೆ ಮಸಿ. ಗ್ಯಾನಪ್ಪ ನಗು ತಡೆಯಲಾರದೆ ಕೋಲಿನ ಮೇಲೆ ಬಾಗಿದ. ಓಬಳೆಪ್ಪ ಮಗಳನ್ನು ಒಮ್ಮೆ ದುರುಗುಟ್ಟಿ ನೋಡಿದ, ಕೈ ಎತ್ತಲಿಲ್ಲ. ಗಡಿಗೆಗಳನ್ನು ಹಗ್ಗದ ಜಾಳಿಗೆಯಲ್ಲಿ ಕಟ್ಟಿ ಹೊತ್ತುಕೊಂಡು ಹೋದ.

ಸಂಜೆ ವಾಪಸು ಬಂದಾಗ ಅವನ ಮುಖ ಬೇರೆಯೇ ಆಗಿತ್ತು. "ಸಾಹೇಬ್ರ ಮುಂದ ಗ್ಯಾನಪ್ಪ ಎಲ್ಲಾ ಹೇಳಿಬಿಟ್ಟ" ಎಂದು ಹೆಂಡತಿಗೆ ಹೇಳಿದ. "ಸಾಹೇಬ್ರು ಕೇಳಿದ್ರು, ಹೋದ ಸಲಾನೂ ಅಟ್ಟದ ಮ್ಯಾಲಽ ಇದ್ದೇನು ಅಂತ. ಹೌದ್ರೀ ಸರ್ಕಾರ ಅಂದೆ. ಇನ್ನೇನ್ ಅನ್ಲಿ? ಭಾಳ ನಕ್ರು. ಆಮ್ಯಾಲ, ನಾವು ಹೋದ ಮ್ಯಾಲ ನಿನ್ ಗಡಗಿ ನೀ ತಿರುಗಿ ಒಯ್ಯಿ ಅಂದ್ರು."

ಕೂಲಿಯೇನೂ ಸಿಗಲಿಲ್ಲ, ಆದರೆ ಮೂರನೆಯ ದಿನ ಗಡಿಗೆಗಳು ಮನೆಗೆ ಬಂದವು, ಅದೇ ಹೊಸದು. ಮುಂದೆ ಓಬಳೆಪ್ಪ ಅಟ್ಟ ಹತ್ತಲಿಲ್ಲ. ಆವಿಗೆಯ ಕೆಲಸ ಇದ್ದರೆ ಬಾಗಿಲಿಗೆ ಬಂದು "ಇವತ್ತ ಆಗೂದಿಲ್ಲಪಾ" ಎನ್ನುತ್ತಿದ್ದ. ಕೆಲವು ಸಲ ಅದು ನಡೆಯುತ್ತಿತ್ತು, ಕೆಲವು ಸಲ ಬೈಗುಳ ತಿಂದು ಹೋಗಬೇಕಾಗುತ್ತಿತ್ತು.

ದುರಗಮ್ಮನ ಮಾತಿನ ನಿಜವಾದ ಪರೀಕ್ಷೆ ಬಂದದ್ದು ಶಿವರಾತ್ರಿಯ ಮುಂದೆ. ಬೇಸಿಗೆಯ ಕೊಡ, ಹರವಿಗಳಿಗೆ ಅದೇ ಕಾಲ. ಗಂಡಹೆಂಡತಿ ಒಂದು ತಿಂಗಳು ದುಡಿದು ದೊಡ್ಡ ಆವಿಗೆ ಒಟ್ಟಿದ್ದರು. ಉರಿ ಆರಿದ ಮೇಲೆ ಎರಡು ದಿನ ಅದನ್ನು ಮುಟ್ಟಬಾರದು, ತಾನೇ ತಣ್ಣಗಾಗಬೇಕು. ಮೂರನೆಯ ದಿನ ಬೆಳಿಗ್ಗೆ ಓಬಳೆಪ್ಪ ಬೂದಿ ಸರಿಸಿ ನೋಡಿದರೆ ಬಡಗಣ ಮಗ್ಗುಲಿನ ಕೊಡಗಳೆಲ್ಲ ಕೂದಲೆಳೆಯಂತೆ ಬಿರುಕು ಬಿಟ್ಟಿದ್ದವು. ಬಡಿದರೆ ಒಡಕು ಡಬ್ಬಿಯ ಸದ್ದು. ನಾಲ್ಕರಲ್ಲಿ ಒಂದು ಪಾಲು ಹಾಳು.

ಓಬಳೆಪ್ಪ ಬೂದಿಯ ಕೈಯನ್ನು ತಲೆಗೆ ಒರೆಸಿಕೊಂಡ. "ಹುಸೇನಪ್ಪಂದು ಇದು. ಹಸೀ ಕಟಗಿ ತಂದು ಹಾಕ್ಯಾನ. ಅವನ ಮನಿಗೆ ಹೋಗಿ ಕೇಳ್ತೀನಿ" ಎಂದು ರುಮಾಲು ಸುತ್ತಿಕೊಂಡು ಹೊರಟ. ಹುಸೇನಪ್ಪ ಕಾಡಿನಿಂದ ಸೌದೆ ತಂದುಕೊಡುವ ಬಡಪಾಯಿ, ಜಗಳಕ್ಕೆ ಎದುರು ನಿಲ್ಲುವವನಲ್ಲ.

"ಅಪ್ಪಾ, ಅವರು ಮಾಡಿಲ್ಲ" ಎಂದಳು ಉಡಚಿ. ಬೇವಿನ ಗಿಡ ಹಿಡಿದುಕೊಂಡು ನಿಂತಿದ್ದಳು. "ನಿನ್ನೆ ಮುಂಜಾನೆ ನಾ ಆವಿಗಿ ತಗದೆ. ನಾ ಮಾಡಿದ ಸಣ್ಣ ಕುಡಿಕಿ ಒಳಗ ಇತ್ತು. ಬೆಂದೈತೋ ಇಲ್ಲೋ ನೋಡಬೇಕಂತ ಕೋಲಿಲೆ ತೂತು ಮಾಡಿದೆ. ಒಳಗ ಟಿಣ್ ಟಿಣ್ ಅಂತು. ಅಂಜಿಕಿ ಆಗಿ ಮತ್ತ ಬೂದಿ ಮುಚ್ಚಿದೆ."

ಆ ತೂತಿನಿಂದ ತಣ್ಣನೆಯ ಗಾಳಿ ಹೊಕ್ಕು ಬಿಸಿ ಕೊಡಗಳು ಬಿರಿದಿದ್ದವು. ಯಾರೂ ನೋಡಿರಲಿಲ್ಲ. ಅವಳು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ.

ದುರಗಮ್ಮನ ಬಲಗೈ ಎದ್ದಿತು. ಒಂದು ತಿಂಗಳು ತುಳಿದ ಮಣ್ಣು, ಹೊತ್ತ ನೀರು, ಸೊಂಟದ ನೋವು ಎಲ್ಲ ಆ ಕೈಗೆ ಬಂದಿತ್ತು. ಹುಡುಗಿ ಓಡಲಿಲ್ಲ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಂತಳು. ಆ ಮುಚ್ಚಿದ ಕಣ್ಣು ನೋಡಿ ದುರಗಮ್ಮನ ಕೈ ಗಾಳಿಯಲ್ಲೇ ಉಳಿಯಿತು. ಅಷ್ಟರಲ್ಲಿ ಓಬಳೆಪ್ಪ ದಾಪುಗಾಲು ಹಾಕಿ ಬಂದ. ಎತ್ತಿದ ಅದೇ ಕೈಯಿಂದ ದುರಗಮ್ಮ ಗಂಡನ ಮುಂಗೈ ಹಿಡಿದಳು.

"ಬ್ಯಾಡ್ರಿ. ಆಣಿ ಮಾಡೀನಿ."

"ನಾ ಮಾಡಿಲ್ಲಲ್ಲ."

"ಇಬ್ಬರದೂ ಸೇರಿಸಿ ಮಾಡೀನಿ."

ಓಬಳೆಪ್ಪ ರುಮಾಲು ಬಿಚ್ಚಿ ಕಟ್ಟೆಯ ಮೇಲೆ ಕುಳಿತು ನೀರು ಕೇಳಿದ. ತಂದುಕೊಟ್ಟವಳು ಉಡಚಿಯೇ. ಕುಡಿದು, ತಂಬಿಗೆ ಕೆಳಗಿಟ್ಟು, "ನಿನ್ ಕುಡಿಕಿ ಏನಾತು?" ಎಂದು ಕೇಳಿದ. "ಅದೂ ಒಡದೈತಿ" ಎಂದು ಹುಡುಗಿ ಆಗ ಅತ್ತಳು. ದುರಗಮ್ಮನೂ ಅತ್ತಳು.

ಹೊಡೆಯಲಿಲ್ಲ ಎಂದರೆ ಬಿಟ್ಟುಬಿಟ್ಟಳು ಎಂದಲ್ಲ. "ಕೆಡಿಸಿದ್ದು ನೀನು. ಮಾರಾಕ ನೀನೂ ಬರಬೇಕು" ಎಂದು ಮಗಳನ್ನು ಸಂತೆಗೆ ಕರೆದುಕೊಂಡು ಹೋದಳು. ಒಳ್ಳೆಯ ಕೊಡಗಳು ಒಂದು ಸಾಲು, ಬಿರುಕಿನವು ಇನ್ನೊಂದು ಸಾಲು. ಬಿರುಕಿನ ಸಾಲಿಗೆ ಉಡಚಿ ಒಡತಿ. ಮೊದಮೊದಲು ಹುಡುಗಿಯ ದನಿ ಗಂಟಲಲ್ಲೇ ಇತ್ತು. ಬಿಸಿಲೇರಿದಂತೆ ದನಿಯೂ ಏರಿತು.

"ಇವು ನೀರಿಗೆ ಆಗೂದಿಲ್ರಿ, ಸೋರತಾವ. ಕಾಳು ತುಂಬಿ ಇಡಾಕ ಆಗ್ತಾವ. ಕೋಳಿ ಕಾವಿಗೆ ಕೂಡಸಾಕ ಆಗ್ತಾವ. ನಾನಽ ಕೆಡಿಸೀನ್ರಿ ಇವನ್ನ."

ಸಂತೆಯಲ್ಲಿ ತನ್ನ ಮಾಲನ್ನು ತಾನೇ ಹೀಗೆ ಹಳಿಯುವವರನ್ನು ಜನ ಕಂಡಿರಲಿಲ್ಲ. ಒಬ್ಬರು ನಿಂತರು, ಅವರನ್ನು ನೋಡಿ ನಾಲ್ಕು ಮಂದಿ ನಿಂತರು. ಹೇಗೆ ಕೆಡಿಸಿದೆ ಎಂದು ಕೇಳಿದರೆ ಉಡಚಿ ಕೋಲು ಹಿಡಿದದ್ದರಿಂದ ಹಿಡಿದು ಟಿಣ್ ಎಂದದ್ದರ ತನಕ ಎಲ್ಲ ಹೇಳುತ್ತಿದ್ದಳು. ಫಕೀರಮ್ಮ ಎಂಬ ಮುದುಕಿ ಕುಸುಬೆ ತುಂಬಲು ಎರಡು ಕೊಡ ಒಯ್ದಳು. ಮಾತು ಕೇಳುವ ಆಸೆಗೆ ಮತ್ತೆ ಬಂದು ಇನ್ನೊಂದು ಒಯ್ದಳು. ಅಗ್ಗಕ್ಕೆ ಹೋದವು ನಿಜ, ಆದರೆ ಒಂದೂ ಉಳಿಯಲಿಲ್ಲ.

ತಾಯಿ ಮಗಳು ಮಂಡಕ್ಕಿ ಕಟ್ಟಿಸಿಕೊಂಡು, ಬರಿದಾದ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟುಕೊಂಡು ಮನೆಯ ದಾರಿ ಹಿಡಿದರು. ಸ್ವಲ್ಪ ದೂರ ಹೋದ ಮೇಲೆ ಉಡಚಿ ಕೇಳಿದಳು: "ಅವ್ವಾ, ನೀ ಸಣ್ಣಾಕಿ ಇದ್ದಾಗ ಸುಳ್ಳು ಹೇಳಿದ್ದೇನು?"

"ಹೇಳಿದ್ದೆ. ನಿಮ್ಮ ಆದೆಪ್ಪ ಮಾವನ ಪಾಲಿನ ಬೆಲ್ಲದಚ್ಚು ತಿಂದು, ಇರವಿ ಒಯ್ದಾವ ಅಂದಿದ್ದೆ."

"ಅಷ್ಟು ದೊಡ್ಡದು ಇರವಿ ಹ್ಯಾಂಗ ಒಯ್ತಾವ?"

"ಅದನ್ನಽ ನಮ್ಮವ್ವ ಕೇಳಿದ್ಲು. ಮತ್ತ ಹೊಡದ್ಲು."

"ಆಮ್ಯಾಲ ಸುಳ್ಳು ಬಿಟ್ಟೇನು?"

"ಇಲ್ಲವಾ" ಎಂದಳು ದುರಗಮ್ಮ. "ಸಿಗದಂಗ ಹೇಳೂದು ಕಲತೆ."

ಉಡಚಿ ನಡುದಾರಿಯಲ್ಲಿ ನಿಂತು ನಕ್ಕಳು. ನಗುವ ಭರಕ್ಕೆ ಕೈಯಲ್ಲಿದ್ದ ಮಂಡಕ್ಕಿ ಚೆಲ್ಲಿತು. ದುರಗಮ್ಮ ಬುಟ್ಟಿ ಇಳಿಸಿ, ಮಗಳ ಜೊತೆ ಕುಕ್ಕರಗಾಲಲ್ಲಿ ಕುಳಿತು, ಮಣ್ಣು ಹತ್ತದ ಮಂಡಕ್ಕಿಯನ್ನು ಒಂದೊಂದೇ ಆರಿಸತೊಡಗಿದಳು.